ಕಟ್ಟಡ ನಿರ್ವಹಣೆಯ ಸಾಫ್ಟ್‌ವೇರ್ ಕಲಿಯಬೇಕೆ? ಮೊದಲು ಪಂಪ್ ರೂಮಿಗೆ ಹೋಗಿ

ಫೆಸಿಲಿಟಿ ಮ್ಯಾನೇಜ್‌ಮೆಂಟ್ ಓದುವ ಮಕ್ಕಳು ತರಬೇತಿಗೆ ಬಂದಾಗ ‘ಯಾವ ಸಾಫ್ಟ್‌ವೇರ್ ಬರುತ್ತೆ?’ ಎಂದು ಕೇಳುತ್ತೇನೆ. ಪಟಪಟನೆ ಆರೇಳು ಹೆಸರು ಹೇಳುತ್ತಾರೆ. ‘ಸರಿ, ಇದರಲ್ಲಿ ಒಂದು ಪಂಪ್ ಸೇರಿಸಿ ತೋರಿಸಿ’ ಎಂದರೆ ಮೌಸ್ ಹಿಡಿದ ಕೈ ಅಲ್ಲೇ ನಿಂತುಬಿಡುತ್ತದೆ. ಪಂಪಿಗೆ ಏನು ಹೆಸರಿಡಬೇಕು, ಯಾವ ಜಾಗದ ಕೆಳಗೆ ಹಾಕಬೇಕು, ಮೋಟಾರನ್ನು ಬೇರೆ ಬರೆಯಬೇಕೋ ಬೇಡವೋ, ಯಾವುದೂ ಗೊತ್ತಿರುವುದಿಲ್ಲ. ತಪ್ಪು ಅವರದಲ್ಲ. ಟ್ರಯಲ್ ಖಾತೆ ತೆರೆದ ಕೂಡಲೇ ಯಾರೋ ತುಂಬಿಸಿಟ್ಟ ಮಾದರಿ ಕಟ್ಟಡ, ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಕಾಣುತ್ತದೆ. ನೋಡಿದ್ದನ್ನೇ ಕಲಿತಂತೆ ಅನಿಸುತ್ತದೆ, ಅಲ್ವಾ? ಅದಕ್ಕೇ ನಾನು ಸಾಫ್ಟ್‌ವೇರನ್ನು ನಾಲ್ಕನೇ ಹಂತಕ್ಕೆ ತಳ್ಳಿದ್ದೇನೆ.

ಹಂತ 1: ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ. ಸಿಎಂಎಂಎಸ್ ಎಂದರೆ ರಿಪೇರಿ, ಸರ್ವಿಸ್‌ಗಳ ಲೆಕ್ಕ ಇಡುವುದು. ಸಿಎಎಫ್‌ಎಂ ಅದರ ಜೊತೆಗೆ ಮಹಡಿಯ ನಕ್ಷೆ, ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನೂ ನೋಡಿಕೊಳ್ಳುತ್ತದೆ. ಐಡಬ್ಲ್ಯೂಎಂಎಸ್ ಇನ್ನೂ ದೊಡ್ಡದು. ಬಾಡಿಗೆ ಕರಾರು, ಕಾಮಗಾರಿಗಳೂ ಅದರಲ್ಲಿ ಬರುತ್ತವೆ. ಬಿಎಂಎಸ್ ಈ ಸಾಲಿನದೇ ಅಲ್ಲ. ಅದು ಎಸಿ, ಪಂಪ್‌ಗಳನ್ನು ಗಮನಿಸಿ ನೇರವಾಗಿ ನಡೆಸುವ ವ್ಯವಸ್ಥೆ.

ಹಂತ 2: ಕಾಲೇಜಿನದ್ದೇ ಆಗಲಿ, ಒಂದು ಮಹಡಿ ಮತ್ತು ಒಂದು ಪಂಪ್ ರೂಮ್ ಆರಿಸಿಕೊಳ್ಳಿ. ಅನುಮತಿ ಪಡೆಯಿರಿ, ಅಲ್ಲಿನ ಟೆಕ್ನಿಷಿಯನ್ ಜೊತೆಗೇ ಒಳಗೆ ಹೋಗಿ.

ಹಂತ 3: ಅಸೆಟ್ ಪಟ್ಟಿ, ಅಂದರೆ ನಿರ್ವಹಿಸಬೇಕಾದ ಯಂತ್ರ, ಸಲಕರಣೆಗಳ ಪಟ್ಟಿ ಮಾಡಿ. ಎಲ್ಲರೂ ಎಡವುವುದು ಇಲ್ಲೇ. ಇದಕ್ಕೆ ಒಂದು ವಾರ ಹೋದರೂ ಪರವಾಗಿಲ್ಲ.

ಮೊದಲು ಜಾಗಗಳನ್ನು ಬರೆಯಿರಿ: ಆವರಣ, ಅದರೊಳಗೆ ಕಟ್ಟಡ, ಮಹಡಿ, ಕೋಣೆ. ಯಂತ್ರಗಳು ಆಮೇಲೆ. ಯಾವುದನ್ನು ಪಟ್ಟಿಗೆ ಸೇರಿಸಬೇಕು? ಒಬ್ಬ ಹುಡುಗ ಪ್ರತಿಯೊಂದು ಟ್ಯೂಬ್‌ಲೈಟಿಗೂ ನಂಬರ್ ಕೊಟ್ಟು ಮೂರು ದಿನ ಕಳೆದಿದ್ದ. ನನ್ನ ನಿಯಮ ಸುಲಭ. ಕೆಟ್ಟರೆ ರಿಪೇರಿ ಮಾಡುತ್ತೀರಾ, ಅಥವಾ ಕಾಲಕಾಲಕ್ಕೆ ಸರ್ವಿಸ್, ತಪಾಸಣೆ ಬೇಕಾ? ಹೌದಾದರೆ ಅದಕ್ಕೊಂದು ಸಾಲು. ಕೆಟ್ಟರೆ ಬಿಸಾಕಿ ಹೊಸದು ಹಾಕುವಂಥದ್ದಾದರೆ ಕೋಣೆಗೆ ಎಷ್ಟಿದೆ ಎಂಬ ಲೆಕ್ಕ ಸಾಕು.

ಮುಂದೆ ನೇಮ್‌ಪ್ಲೇಟ್. ಒದ್ದೆ ಬಟ್ಟೆಯಲ್ಲಿ ಒರೆಸುವ ಆಸೆ ಬೇಡ, ಯಂತ್ರ ಓಡುತ್ತಿರಬಹುದು. ಟೆಕ್ನಿಷಿಯನ್‌ಗೇ ಹೇಳಿ ಒರೆಸಿಸಿ. ಫೋಟೊವನ್ನು ಸ್ವಲ್ಪ ಓರೆಯಿಂದ ತೆಗೆಯಿರಿ. ನೇರವಾಗಿ ತೆಗೆದರೆ ಫ್ಲ್ಯಾಶ್ ಬೆಳಕು ತಗಡಿನ ಮೇಲೆ ಹೊಳೆದು ಸೀರಿಯಲ್ ನಂಬರೇ ಮಾಯ. ಸೀರಿಯಲ್ ನಂಬರಿನಲ್ಲಿ ಸೊನ್ನೆ ಮತ್ತು ‘ಓ’ ಅಕ್ಷರ, ಎಂಟು ಮತ್ತು ‘ಬಿ’ ಅಕ್ಷರ ಒಂದೇ ಥರ ಕಾಣುತ್ತವೆ. ಫೋಟೊ ದೊಡ್ಡದು ಮಾಡಿಕೊಂಡು ಎರಡು ಸಲ ಓದಿ. ತಯಾರಕರು, ಮಾಡೆಲ್, ಸೀರಿಯಲ್ ನಂಬರ್, ಸಾಮರ್ಥ್ಯ, ಅಳವಡಿಸಿದ ದಿನ, ವಾರಂಟಿ ಮುಗಿಯುವ ದಿನ. ಇಷ್ಟು ಸಿಕ್ಕರೆ ಸದ್ಯಕ್ಕೆ ಸಾಕು.

ಎಕ್ಸೆಲ್‌ನಲ್ಲಿ ಟೈಪ್ ಮಾಡುವ ಮುಂಚೆ ನಂಬರಿನ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಿಸಿ. ಇಲ್ಲದಿದ್ದರೆ 003 ಎಂದು ಬರೆದದ್ದು 3 ಆಗುತ್ತದೆ. ಹೆಸರು ಬರೆಯುವ ರೀತಿಯೂ ಒಂದೇ ಇರಬೇಕು. ಎಎಚ್‌ಯು, ಅಂದರೆ ಎಸಿಯ ಗಾಳಿಯನ್ನು ಕಟ್ಟಡಕ್ಕೆ ಹರಿಸುವ ಏರ್ ಹ್ಯಾಂಡ್ಲಿಂಗ್ ಯೂನಿಟ್ ಅನ್ನೇ ನೋಡಿ. ‘ಎಎಚ್‌ಯು-03’, ‘ಎಎಚ್‌ಯು 3’, ‘ಏರ್ ಹ್ಯಾಂಡ್ಲರ್ ಮೂರು’ ಎಂದು ಮೂವರು ಮೂರು ಥರ ಬರೆದರೆ ಸಾಫ್ಟ್‌ವೇರ್ ಪಾಲಿಗೆ ಅವು ಮೂರು ಯಂತ್ರಗಳು.

ಈಗ ಅತಿ ಮುಖ್ಯವಾದ ಮಾತು. ಯಂತ್ರ ಬೇರೆ, ಅದು ಕೂತ ಸ್ಥಾನ ಬೇರೆ. ನಾನು ಕೆಲಸ ಮಾಡಿದ ಒಂದು ಕಟ್ಟಡದಲ್ಲಿ 2ನೇ ಪಂಪ್ ಕೆಟ್ಟಿತು. ಅದನ್ನು ಬಿಚ್ಚಿ ವರ್ಕ್‌ಶಾಪಿಗೆ ಕಳಿಸಿ, ಆ ಜಾಗಕ್ಕೆ ಸ್ಪೇರ್ ಪಂಪ್ ಕೂರಿಸಿದರು. ಪಟ್ಟಿಯಲ್ಲಿ ಇದ್ದದ್ದು ಸುಮ್ನೆ ‘ಪಂಪ್ 2’ ಮಾತ್ರ. ಹಳೆಯ ಪಂಪಿನ ರಿಪೇರಿಗಳೆಲ್ಲ ಸ್ಪೇರ್ ಪಂಪಿನ ತಲೆಗೆ ಬಂದವು. ವರ್ಷದ ಕೊನೆಗೆ ವರದಿ ತೆಗೆದಾಗ, ಚೆನ್ನಾಗಿ ಓಡುತ್ತಿದ್ದ ಪಂಪನ್ನೇ ಗುಜರಿಗೆ ಹಾಕಿ ಎಂಬ ಸಲಹೆ ಬಂತು! ಅಂದಿನಿಂದ ನಾನು ಸ್ಥಾನಕ್ಕೆ ಒಂದು ನಂಬರ್, ಯಂತ್ರಕ್ಕೆ ಇನ್ನೊಂದು ನಂಬರ್ ಕೊಡುತ್ತೇನೆ. ರಿಪೇರಿಯ ಇತಿಹಾಸ ಯಂತ್ರದ ಜೊತೆ ಹೋಗಬೇಕು. ನೀವೂ ಹೀಗೇ ಮಾಡಿ. ಯಂತ್ರದ ನಂಬರಿನೊಳಗೆ ಮಹಡಿ, ಕೋಣೆ ಸೇರಿಸಲೇಬೇಡಿ.

ಹಂತ 4: ಈಗ ಸಾಫ್ಟ್‌ವೇರ್. ಒಂದೇ ಒಂದು ಆರಿಸಿ. ಓಪನ್‌ಮೇಂಟ್ ಓಪನ್ ಸೋರ್ಸ್. ಇನ್‌ಸ್ಟಾಲ್ ಮಾಡುವಾಗ ಸ್ವಲ್ಪ ಕಷ್ಟಪಡಬೇಕು, ಆದರೆ ಜಾಗ, ಯಂತ್ರ, ಕೆಲಸ ಮೂರೂ ಹೇಗೆ ಬೆಸೆದುಕೊಂಡಿವೆ ಎಂದು ಚೆನ್ನಾಗಿ ಅರ್ಥವಾಗುತ್ತದೆ. ಸ್ನೈಪ್-ಐಟಿ ಕೂಡ ಓಪನ್ ಸೋರ್ಸ್. ಆದರೆ ಅದು ಇರುವುದು ಲ್ಯಾಪ್‌ಟಾಪ್‌ನಂಥ ವಸ್ತು ಯಾರ ಬಳಿ ಇದೆ ಎಂದು ನೋಡಲು. ಪಂಪ್ ಸರ್ವಿಸ್‌ಗೆ ಅದನ್ನು ಎಳೆದಾಡಬೇಡಿ. ಮ್ಯಾಕ್ಸಿಮೊ, ಪ್ಲಾನನ್, ಆರ್ಕಿಬಸ್ ದೊಡ್ಡ ಸಂಸ್ಥೆಗಳಲ್ಲಿ ಸಿಗುತ್ತವೆ. ಒಂದು ಚೆನ್ನಾಗಿ ಬಂದರೆ ಇವೂ ಬರುತ್ತವೆ. ಯಾವುದೇ ಮೊಬೈಲ್ ಆ್ಯಪ್ ಆಗಲಿ, ಬೇಸ್‌ಮೆಂಟಿಗೆ ಇಳಿದು ತೆರೆದು ನೋಡಿ. ನೆಟ್‌ವರ್ಕ್ ಇಲ್ಲದೆ ಓಡದ ಆ್ಯಪ್ ಪಂಪ್ ರೂಮಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಂತ 5: ಸರ್ವಿಸ್ ವೇಳಾಪಟ್ಟಿ. ಇಲ್ಲಿ ‘ಫಿಕ್ಸೆಡ್’ ಮತ್ತು ‘ಫ್ಲೋಟಿಂಗ್’ ಎಂಬ ಎರಡು ಆಯ್ಕೆ ಇರುತ್ತವೆ. ಹೆಚ್ಚಿನವರು ಓದದೆ ಮುಂದೆ ಹೋಗುತ್ತಾರೆ. 30 ದಿನಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು, ಈ ಸಲ 10 ದಿನ ತಡವಾಯಿತು ಎಂದುಕೊಳ್ಳಿ. ಫಿಕ್ಸೆಡ್ ಆದರೆ ಮುಂದಿನ ಸರದಿ 20 ದಿನಕ್ಕೇ ಬರುತ್ತದೆ. ಫ್ಲೋಟಿಂಗ್ ಆದರೆ ತೊಳೆದ ದಿನದಿಂದ 30 ದಿನ. ಫಿಲ್ಟರಿಗೆ ಫ್ಲೋಟಿಂಗ್ ಸರಿ. ನಿಯಮದ ಪ್ರಕಾರ ಇಂತಿಷ್ಟು ಸಮಯದಲ್ಲಿ ಆಗಲೇಬೇಕಾದ ಬೆಂಕಿ ಸುರಕ್ಷತಾ ತಪಾಸಣೆಗೆ ಫಿಕ್ಸೆಡ್ ಬೇಕು. ಜನರೇಟರಿಗೆ ಓಡಿದ ಗಂಟೆ ಮತ್ತು ತಿಂಗಳು ಎರಡನ್ನೂ ಕೊಡಿ, ಯಾವುದು ಮೊದಲು ಬರುತ್ತದೋ ಅದು. ಅಂಕಿಯನ್ನು ತಯಾರಕರ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಎಲ್ಲ ಯಂತ್ರಗಳಿಗೂ ತಿಂಗಳ 1ನೇ ತಾರೀಖು ಹಾಕಬೇಡಿ. ಬೆಳಿಗ್ಗೆ ಒಟ್ಟಿಗೆ 40 ವರ್ಕ್ ಆರ್ಡರ್ (ಇಂಥ ಕೆಲಸ ಮಾಡಿ ಎಂಬ ಚೀಟಿ) ಬಂದರೆ ಟೆಕ್ನಿಷಿಯನ್ ಏನು ಮಾಡಿಯಾರು? ಟಿಕ್ ಹಾಕಿ ಮುಗಿಸುತ್ತಾರೆ. ನಾಲ್ಕು ವಾರಕ್ಕೆ ಹಂಚಿ.

ಹಂತ 6: ವರ್ಕ್ ಆರ್ಡರ್ ಫಾರಂ ಚಿಕ್ಕದಿರಲಿ. ದೂರು ಬಂದ ಸಮಯ, ಕೆಲಸ ಶುರುವಾದ ಸಮಯ, ಮುಗಿದ ಸಮಯ, ಏನು ಕೆಟ್ಟಿತ್ತು, ಏನು ಮಾಡಿದರು. ಜೊತೆಗೆ ಬಿಡಿಭಾಗಕ್ಕೆ ಕಾದ ಸಮಯವನ್ನು ಬೇರೆಯಾಗಿ ಬರೆಸಿ. ನಾಲ್ಕು ರಿಪೇರಿಗೆ 2, 1, 6, 3 ಗಂಟೆ ಹಿಡಿದರೆ ಎಂಟಿಟಿಆರ್, ಅಂದರೆ ರಿಪೇರಿಯ ಸರಾಸರಿ ಸಮಯ, 3 ಗಂಟೆ. ಆದರೆ ಆ 6 ಗಂಟೆಯಲ್ಲಿ 5 ಗಂಟೆ ಸೀಲ್ ಬರಲೆಂದು ಕಾದಿದ್ದರೆ? ಅಲ್ಲಿ ಸರಿಪಡಿಸಬೇಕಾದದ್ದು ಸ್ಟೋರ್, ಟೆಕ್ನಿಷಿಯನ್ ಅಲ್ಲ.

ಹಂತ 7: ಸ್ಕ್ಯಾನ್ ಮಾಡಿದರೆ ಯಂತ್ರದ ದಾಖಲೆ ತೆರೆಯುವಂತೆ ಪ್ರತಿ ಯಂತ್ರಕ್ಕೂ ಕ್ಯೂಆರ್ ಕೋಡ್ ಅಂಟಿಸಿ. 1994ರಲ್ಲಿ ಡೆನ್ಸೊ ವೇವ್ ಇದನ್ನು ರೂಪಿಸಿದ್ದು ವಾಹನ ಬಿಡಿಭಾಗಗಳ ಲೆಕ್ಕಕ್ಕೆ. ಕೊಳೆ, ಗೀರು ತಡೆದುಕೊಳ್ಳಲೆಂದೇ ಇದರಲ್ಲಿ ನಾಲ್ಕು ಮಟ್ಟಗಳಿವೆ. ಅತಿ ಮೇಲಿನ ‘ಎಚ್’ ಮಟ್ಟದಲ್ಲಿ ಕೋಡಿನ ಸುಮಾರು 30% ಹಾಳಾದರೂ ಓದಬಹುದು. ಪಂಪ್ ರೂಮಿಗೆ ಅದನ್ನೇ ಆರಿಸಿ. ಕಾಗದಕ್ಕೆ ಸೆಲೋಟೇಪ್ ಹಚ್ಚುವ ಅಡ್ಡದಾರಿ ಬೇಡ, ತೇವಕ್ಕೆ ಉದುರುತ್ತದೆ. ಬಿಚ್ಚಬಹುದಾದ ಬಾಗಿಲು, ಮುಚ್ಚಳಗಳ ಮೇಲೆ ಅಂಟಿಸಲೇಬೇಡಿ. ಸರ್ವಿಸ್ ಆದಮೇಲೆ ಒಂದರ ಮುಚ್ಚಳ ಇನ್ನೊಂದಕ್ಕೆ ಹೋಗುತ್ತದೆ. ಕೋಡಿನ ಕೆಳಗೆ ಯಂತ್ರದ ನಂಬರನ್ನು ದಪ್ಪಕ್ಷರದಲ್ಲಿ ಮುದ್ರಿಸಿ.

ಹಂತ 8: ಸೆನ್ಸರ್, ಬಿಎಂಎಸ್. ವೈಫೈ ಇರುವ ಪುಟ್ಟ ಇಎಸ್‌ಪಿ32 ಬೋರ್ಡ್ ಒಂದು, ಒಂದು ಉಷ್ಣಾಂಶ ಸೆನ್ಸರ್, ಇವನ್ನು ಸಾಫ್ಟ್‌ವೇರಿಗೆ ಬೆಸೆಯಲು ನೋಡ್-ರೆಡ್ ಎಂಬ ಉಚಿತ ಟೂಲ್ ಸಾಕು. ಪಂಪಿನ ಬೇರಿಂಗ್ ಬಿಸಿಯಾದಾಗ ತಾನಾಗಿಯೇ ವರ್ಕ್ ಆರ್ಡರ್ ಏಳುವಂತೆ ಮಾಡಿ ನೋಡಿ. ಜೊತೆಗೆ ಮಾಡ್‌ಬಸ್ ಮತ್ತು 1995ರಲ್ಲಿ ಮಾನದಂಡವಾದ ಬ್ಯಾಕ್‌ನೆಟ್ ಬಗ್ಗೆ ಓದಿಕೊಳ್ಳಿ. ಕಟ್ಟಡದ ಯಂತ್ರಗಳು ಮಾತಾಡುವುದು ಜಾಸ್ತಿ ಈ ಎರಡರಲ್ಲೇ.

ಹಂತ 9: ಬಿಮ್, ಅಂದರೆ ಕಟ್ಟಡದ ಮಾಹಿತಿಯನ್ನೆಲ್ಲ ಹೊತ್ತ ಡಿಜಿಟಲ್ ಮಾದರಿ, ಕಲಿಯುವ ಆಸೆಯಿದ್ದರೆ ಮೂರು ಆಯಾಮದ ಚಿತ್ರಕ್ಕಿಂತ ಮೊದಲು ಕೋಬಿ ಫೈಲ್ ಒಂದನ್ನು ತೆರೆಯಿರಿ. ಕಟ್ಟಿದವರು ನಿರ್ವಹಿಸುವವರಿಗೆ ಮಾಹಿತಿ ಒಪ್ಪಿಸುವ ನಮೂನೆ ಅದು. ಫೆಸಿಲಿಟಿ, ಫ್ಲೋರ್, ಸ್ಪೇಸ್, ಟೈಪ್, ಕಾಂಪೊನೆಂಟ್ ಎಂಬ ಹಾಳೆಗಳು ಸಾಲಾಗಿ ಕಾಣುತ್ತವೆ. ಮೂರನೇ ಹಂತದಲ್ಲಿ ನೀವು ಕೈಯಾರೆ ಮಾಡಿದ್ದೂ ಇದೇ ಪಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು, ನಿಮ್ಮದರಲ್ಲಿ ಯಾವ ಕಾಲಂ ಬಿಟ್ಟುಹೋಗಿದೆ ಎಂದು ಗುರುತು ಹಾಕಿ, ಮತ್ತೊಮ್ಮೆ ಪಂಪ್ ರೂಮಿಗೆ ಹೋಗಿ ತುಂಬಿಸಿಕೊಂಡು ಬನ್ನಿ.