ಡೊರಾಯಾಕಿಯ ಜೀವ ಹೂರಣದಲ್ಲಿದೆ

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಡೊರಾಯಾಕಿ ಯಾವುದೆಂದು ಹೇಳಿಕೊಡಬೇಕಿಲ್ಲ. ಟಿವಿ ಕಾರ್ಟೂನಿನ ಡೊರೇಮಾನ್ ಬಾಯಿ ಚಪ್ಪರಿಸಿ ತಿನ್ನುತ್ತಾನಲ್ಲ, ಅದೇ. ಮಕ್ಕಳು ಹಟ ಹಿಡಿದಾಗ ಎರಡು ಪ್ಯಾನ್‌ಕೇಕ್ ನಡುವೆ ಚಾಕೊಲೇಟ್ ಸವರಿ ಕೊಡುವವರೇ ಜಾಸ್ತಿ. ನಾನೂ ಬಹಳ ದಿನ ಹಾಗೇ ಮಾಡಿದೆ. ಆದರೆ ಜಪಾನಿನವರ ಡೊರಾಯಾಕಿ ಅಂದರೆ ಎರಡು ಮೆತ್ತನೆಯ ಬಿಲ್ಲೆಗಳ ನಡುವೆ ಹೂರಣ ಇಟ್ಟ ಸಿಹಿ, ಅದಕ್ಕೆ ಹೂರಣವೇ ಮುಖ್ಯ. ಹೋಳಿಗೆ ಮಾಡಿ ಗೊತ್ತಿರುವವರಿಗೆ ಇದು ಬೇಗ ಒಗ್ಗುತ್ತದೆ.

ಆ ಹೂರಣದ ಹೆಸರು ಅಂಕೊ. ಅಜುಕಿ ಎಂಬ ಸಣ್ಣ ಕೆಂಪು ಕಾಳಿನಿಂದ ಮಾಡುತ್ತಾರೆ. ಅಜುಕಿ ಸಿಗದಿದ್ದರೆ ಕೆಂಪು ಅಲಸಂದೆ ತೆಗೆದುಕೊಳ್ಳಿ. ಎರಡೂ ಒಂದೇ ಕುಲದ ಗಿಡಗಳು. ರುಚಿ ಪೂರ್ತಿ ಅದೇ ಬರುವುದಿಲ್ಲ, ಆದರೆ ಹತ್ತಿರ ಬರುತ್ತದೆ.

200 ಗ್ರಾಂ ಕಾಳು ತೊಳೆದು, ನೀರು ಹಾಕಿ ಐದು ನಿಮಿಷ ಕುದಿಸಿ. ಆ ನೀರು ಚೆಲ್ಲಿಬಿಡಿ, ಕಾಳಿನ ಒಗರು ಅದರ ಜೊತೆ ಹೋಗುತ್ತದೆ. ಹೊಸ ನೀರು ಹಾಕಿ ಸಣ್ಣ ಉರಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಬೇಯಿಸಿ. ನೀರು ಕಾಳಿನ ಮೇಲೇ ಇರಲಿ. ಕುಕ್ಕರ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸ್ವಲ್ಪ ಹೆಚ್ಚಾದರೂ ಕಾಳು ಗಂಜಿಯಾಗುತ್ತದೆ.

ಕಾಳು ಬೇಯುವಷ್ಟರಲ್ಲಿ ಸ್ವಲ್ಪ ಕತೆ. ‘ಡೊರಾ’ ಅಂದರೆ ಜಾಗಟೆ, ‘ಯಾಕಿ’ ಅಂದರೆ ಸುಟ್ಟಿದ್ದು, ಬೇಯಿಸಿದ್ದು. ಬೆಂಕೆ ಎಂಬ ಯೋಧ ರೈತನೊಬ್ಬನ ಮನೆಯಲ್ಲಿ ಜಾಗಟೆ ಬಿಟ್ಟುಹೋದ, ರೈತ ಅದರ ಮೇಲೆಯೇ ಹಿಟ್ಟು ಹುಯ್ದು ಬೇಯಿಸಿದ ಎಂದು ಜನ ಹೇಳುತ್ತಾರೆ. ನಾರಾ, ಒಸಾಕಾ ಕಡೆ ಇದನ್ನೇ ಮಿಕಾಸಾ ಅನ್ನುತ್ತಾರೆ. ಅದು ನಾರಾದ ಗುಡ್ಡವೊಂದರ ಹೆಸರು. ಮೊದಲು ಒಂದೇ ಪದರ ಇತ್ತಂತೆ. ಈಗಿನ ಎರಡು ಬಿಲ್ಲೆಯ ರೂಪ 1914ರಲ್ಲಿ ಟೋಕಿಯೋದ ಉಎನೊದಲ್ಲಿರುವ ಉಸಾಗಿಯಾ ಅಂಗಡಿಯಲ್ಲಿ ಶುರುವಾಯಿತು ಎಂಬ ಮಾತಿದೆ.

ಸಿಹಿಯೊಳಗೆ ಕಾಳು ಬಂದದ್ದು ಇನ್ನೂ ಚೆಂದದ ಕತೆ. 14ನೇ ಶತಮಾನದಲ್ಲಿ ಚೀನಾದಿಂದ ಮಾಂಸ ತುಂಬಿದ ಬನ್ ಜಪಾನಿಗೆ ಬಂತು. ಅಲ್ಲಿನ ಬೌದ್ಧ ಭಿಕ್ಷುಗಳು ಆಗ ಮಾಂಸ ತಿನ್ನುತ್ತಿರಲಿಲ್ಲ. ಹಾಗಾಗಿ ಮಾಂಸದ ಜಾಗಕ್ಕೆ ಕಾಳಿನ ಹೂರಣ ಬಂತು ಅನ್ನುತ್ತಾರೆ. ಹಬ್ಬ, ಶುಭದಿನಗಳಲ್ಲಿ ಅಜುಕಿ ಹಾಕಿ ಕೆಂಪನ್ನ ಮಾಡುವ ರೂಢಿಯೂ ಅಲ್ಲಿದೆ. ಕೆಂಪು ಬಣ್ಣ ಕೆಟ್ಟದ್ದನ್ನು ದೂರ ಇಡುತ್ತದೆ ಎಂಬ ನಂಬಿಕೆ.

ಈಗ ಒಂದು ಕಾಳು ಹೆಬ್ಬೆರಳು, ಕಿರುಬೆರಳ ನಡುವೆ ಇಟ್ಟು ಒತ್ತಿ. ಸುಮ್ನೆ ಮುಟ್ಟಿದ ಹಾಗೆ ನುರಿಯಬೇಕು. ಅದಕ್ಕೆ ಮೊದಲು ಸಕ್ಕರೆ ಹಾಕಲೇಬೇಡಿ, ಸಿಪ್ಪೆ ಬಿಗಿದುಕೊಂಡು ಆಮೇಲೆ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಹೆಚ್ಚಿನ ನೀರು ಬಸಿದು, 180 ಗ್ರಾಂ ಸಕ್ಕರೆಯನ್ನು ಮೂರು ಸಲಕ್ಕೆ ಹಾಕಿ, ಚಿಟಿಕೆ ಉಪ್ಪು ಸೇರಿಸಿ ಮಗುಚಿ. ಸೌಟಿನಿಂದ ಪಾತ್ರೆಯ ತಳದಲ್ಲಿ ಗೆರೆ ಎಳೆದರೆ ಒಂದು ಕ್ಷಣ ತಳ ಕಾಣಬೇಕು. ಆಗಲೇ ಇಳಿಸಿ. ಆರಿದಾಗ ಇನ್ನೂ ಗಟ್ಟಿಯಾಗುತ್ತದೆ.

ಹಿಟ್ಟಿನ ಕೆಲಸ ಬೇಗ ಮುಗಿಯುತ್ತದೆ. ಎರಡು ಮೊಟ್ಟೆ, 90 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ಜೇನುತುಪ್ಪ ಚೆನ್ನಾಗಿ ಕದಡಿ. ಅರ್ಧ ಟೀ ಚಮಚ ಅಡುಗೆ ಸೋಡಾವನ್ನು ಎರಡು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ ಹಾಕಿ. 130 ಗ್ರಾಂ ಮೈದಾ ಜರಡಿ ಹಿಡಿದು ಬೆರೆಸಿ, ಅರ್ಧ ಗಂಟೆ ಬಿಡಿ. ಗಟ್ಟಿ ಅನಿಸಿದರೆ ಇನ್ನೊಂದು ಚಮಚ ನೀರು.

ನಾನ್‌ಸ್ಟಿಕ್ ಕಾವಲಿಗೆ ಎಣ್ಣೆ ಸವರಿ, ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ದೋಸೆಯ ಅಭ್ಯಾಸದಲ್ಲಿ ನಾನು ಮೊದಲ ಸಲ ಎಣ್ಣೆ ಬಿಟ್ಟೆ, ಬಿಲ್ಲೆಯ ತುಂಬ ಬಿಳಿ ಬಿಳಿ ಮಚ್ಚೆ ಬಂತು. ಒಣ ಕಾವಲಿಯಲ್ಲೇ ಆ ಒಂದೇ ಸಮನೆಯ ಕಂದು ಬಣ್ಣ ಬರುವುದು. ಸಣ್ಣ ಉರಿಯಲ್ಲಿ, ಒಂದು ಗೇಣು ಮೇಲಿನಿಂದ ಹಿಟ್ಟು ಒಂದೇ ಕಡೆ ಬಿಡಿ. ಸೌಟಿನಲ್ಲಿ ತಿರುವಬೇಡಿ, ತಾನೇ ಗುಂಡಗೆ ಹರಡಿಕೊಳ್ಳುತ್ತದೆ. ಮೇಲೆಲ್ಲ ಗುಳ್ಳೆ ಎದ್ದು ಒಂದೆರಡು ಒಡೆದ ಕೂಡಲೇ ಮಗುಚಿ. ಇನ್ನೊಂದು ಬದಿಗೆ ಅರ್ಧ ನಿಮಿಷ ಸಾಕು. ತೆಗೆದು ಒದ್ದೆ ಬಟ್ಟೆಯ ಕೆಳಗೆ ಇಡಿ, ಇಲ್ಲದಿದ್ದರೆ ಅಂಚು ಒಣಗಿ ಬಿರಿಯುತ್ತದೆ.

ಹೂರಣವನ್ನು ನಡುವೆ ದಪ್ಪ, ಅಂಚಿಗೆ ತೆಳ್ಳಗೆ ಇಟ್ಟು ಇನ್ನೊಂದು ಬಿಲ್ಲೆ ಮುಚ್ಚಿ. ಕ್ಲಿಂಗ್ ಫಿಲ್ಮ್‌ನಲ್ಲಿ ಸುತ್ತಿ, ಅಂಚು ಮೆಲ್ಲಗೆ ಒತ್ತಿ. ಮಕ್ಕಳು ಬಿಟ್ಟರೆ ಮರುದಿನದವರೆಗೆ ಇಡಿ. ಹೂರಣದ ಪಸೆ ಬಿಲ್ಲೆಗೆ ಇಳಿದು ಎರಡೂ ಒಂದಾಗಿರುತ್ತವೆ. ಜೊತೆಗೆ ಸಕ್ಕರೆ ಹಾಕದ ಹಸಿರು ಚಹಾ ಇರಲಿ. ಇಷ್ಟು ಸಿಹಿಗೆ ಆ ಕಹಿ ಬೇಕು.