ಹುಳು ಮನೆ, ಹಾಸಿಗೆ, ಮಗುವಿನ ಉಬ್ಬಸ

ಬಾಳೆಹಣ್ಣು ತಿಂದೇ ಉಬ್ಬಸ ಬಂದಿದ್ದು ಅಂತ ಎರಡು ವರ್ಷ ಮೊಮ್ಮಗನ ಬಾಯಿ ಕಟ್ಟಿದೆವು. ಮೊಸರಿಲ್ಲ, ಸೀಬೆಹಣ್ಣಿಲ್ಲ. ಉಬ್ಬಸ ಮಾತ್ರ ಬಿಡಲಿಲ್ಲ. ನಡುರಾತ್ರಿ ಎದ್ದು ಕೂತು ಸುಯ್ ಸುಯ್ ಅನ್ನುತ್ತಿದ್ದ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಹುಳು ಸಾಕುವುದೇ ಬದುಕು. ಕೊನೆಗೆ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ಮೂರು ಬೆಳೆ ಕಳೆಯುವಷ್ಟರಲ್ಲಿ ಗೊತ್ತಾಯಿತು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ಬಿಟ್ಟು ಸುಮ್ಮನಾದಾಗ, ಸುಣ್ಣದ ಪುಡಿ ಉದುರಿಸುವ ದಿನ, ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ, ಅದೇ ಚಂದ್ರಿಕೆಯಿಂದ ಗೂಡು ಬಿಡಿಸುವ ದಿನ, ಬೆಳೆ ಮುಗಿದು ಬ್ಲೀಚಿಂಗ್ ಪೌಡರ್ ಹೊಡೆಯುವ ದಿನ, ಇವನಿಗೆ ಜೋರು. ಡಾಕ್ಟರಿಗೆ ತೋರಿಸಿದರೆ, ರೇಷ್ಮೆ ಧೂಳು ದೊಡ್ಡವರಿಗೇ ಉಬ್ಬಸ ತರುತ್ತದಮ್ಮ, ಇವನು ಮಗು ಅಂದರು.

ಹಾಗಂತ ಹುಳು ಬಿಡೋಕಾಗುತ್ತಾ? ಅನ್ನ ಅದರದ್ದೇ. ಹುಳು ಮನೆಗೂ ನಡುಮನೆಗೂ ಇದ್ದ ಬಾಗಿಲು ಮುಚ್ಚಿ, ಹಿತ್ತಲ ಕಡೆಯಿಂದ ಓಡಾಟ ಇಟ್ಟೆವು. ಗೂಡಿನ ಮೇಲಿನ ಎಳೆ ತೆಗೆಯುವ ಕೆಲಸ ಈಗ ಹೊರಗಿನ ಚಪ್ಪರದಲ್ಲಿ. ನನ್ನ ಮಗ ಹುಳು ಮನೆಯಿಂದ ಬಂದವನು ಅಂಗಿ ಬದಲಿಸಿ, ಕೈಕಾಲು ತೊಳೆದೇ ಮಗುವನ್ನು ಎತ್ತಿಕೊಳ್ಳಬೇಕು. ಮೊದಮೊದಲು ಗೊಣಗಿದ, ಇರಲಿ.

ಹುಳು ಇಲ್ಲದ ಮನೆಯವರು ಹಾಸಿಗೆ ನೋಡಿ. ಹಳೇ ಹತ್ತಿ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ನುಸಿ ಇರುತ್ತವೆ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವಕ್ಕೆ ಊಟ. ದುಪ್ಪಟಿ, ದಿಂಬಿನ ಚೀಲ ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಲ್ಲಿ ನೆನೆಸಿ ಒಗೆಯಿರಿ, ತಣ್ಣೀರಿಗೆ ಅವು ಸಾಯುವುದಿಲ್ಲ. ಹಾಸಿಗೆ ಬಡಿಯುವಾಗ ಮಗು ಅಲ್ಲಿರಬಾರದು. ನೆಲ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ವಾಸಿ.

ಇನ್ನು ಸೊಳ್ಳೆ ಬತ್ತಿ. ಮುಚ್ಚಿದ ಕೋಣೆಯಲ್ಲಿ ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆ ಅಂತ 2003ರಲ್ಲೇ ಅಳೆದು ನೋಡಿದ್ದಾರೆ. ಮಗುವಿಗೆ ಶೀತ ಅಂತ ಕಿಟಕಿ ಬೇರೆ ಮುಚ್ಚಿರುತ್ತೇವೆ, ಅಲ್ವಾ? ಸೊಳ್ಳೆ ಪರದೆ ಕಟ್ಟಿ. ಊದುಬತ್ತಿ, ಸಾಂಬ್ರಾಣಿ, ಹಂಡೆ ಒಲೆಯ ಹೊಗೆಯೂ ಅಷ್ಟೇ, ಬೀಡಿಯಂತೂ ಮನೆಯೊಳಗೆ ಬೇಡವೇ ಬೇಡ. ಮಳೆಗಾಲದಲ್ಲಿ ಗೋಡೆಗೆ ಬರುವ ಬೂಷ್ಟು, ಜಿರಲೆ ಕೂಡ ಕೆಲವು ಮಕ್ಕಳಿಗೆ ಆಗಿಬರುವುದಿಲ್ಲ.

ಎಲ್ಲ ಮಕ್ಕಳಿಗೂ ಎಲ್ಲವೂ ಆಗದು ಅಂತಲ್ಲ. ಸುಮ್ನೆ ಎಲ್ಲ ನಿಲ್ಲಿಸಬೇಡಿ, ಯಾವ ದಿನ ಏನಾಯಿತು ಅಂತ ಬರೆದಿಡಿ.

ಆದರೆ ಧೂಳು ಕಡಿಮೆಯಾಯಿತು ಅಂತ ಇನ್ಹೇಲರ್ ನಿಲ್ಲಿಸಬೇಡಿ. ಅದು ಚಟವಾಗುತ್ತದೆ ಅನ್ನುವುದು ಸುಳ್ಳು. ಉಸಿರೆಳೆದಾಗ ಪಕ್ಕೆ ಒಳಗೆ ಹೋದರೆ, ಮಾತಾಡಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ ಕಷಾಯ ಕಾಯಿಸುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಇನ್ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಅಂದರೆ ಸ್ಪೇಸರ್ ಅನ್ನು ಸೋಪು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ನಾನು ಸೆರಗಲ್ಲಿ ಉಜ್ಜಿ ಫಳಫಳ ಮಾಡುತ್ತಿದ್ದೆ, ಉಜ್ಜಿದರೆ ಔಷಧಿ ಒಳಗೋಡೆಗೇ ಅಂಟಿಕೊಳ್ಳುತ್ತದಂತೆ.