ಗಲ್ಫ್ ವಿಮಾನ ರದ್ದಾಗುವಂತಿದ್ದರೆ ಟಿಕೆಟ್ ನೀವಾಗಿ ಕ್ಯಾನ್ಸಲ್ ಮಾಡಬೇಡಿ
ರಜೆಗೆ ಊರಿಗೆ ಬಂದವರೇ, ವಾಯುಮಾರ್ಗ ಮುಚ್ಚಿದ ಸುದ್ದಿ ನೋಡಿ ಗಾಬರಿಯಲ್ಲಿ ನೀವಾಗಿ ಟಿಕೆಟ್ ಕ್ಯಾನ್ಸಲ್ ಮಾಡಿದರೆ ಶುಲ್ಕ ಮುರಿದುಕೊಳ್ಳುತ್ತಾರೆ. ವಿಮಾನ ಕಂಪನಿಯೇ ರದ್ದು ಮಾಡುವವರೆಗೆ ಕಾಯಿರಿ. ಆಗ ಪೂರ್ತಿ ಹಣ ಇಲ್ಲವೇ ಬೇರೆ ವಿಮಾನ ಕೇಳಬಹುದು. ಏಜೆಂಟರಿಂದ ಬುಕ್ ಮಾಡಿಸಿದ್ದರೆ ಪಿಎನ್‌ಆರ್‌ನಲ್ಲಿ ಹೆಚ್ಚಾಗಿ ಅವರ ನಂಬರೇ ಇರುತ್ತದೆ, ರದ್ದಾದ ಮೆಸೇಜೂ ಅವರಿಗೇ ಹೋಗುತ್ತದೆ. ನಿಮ್ಮ ಮೊಬೈಲ್ ನಂಬರನ್ನು ಇವತ್ತೇ ಸೇರಿಸಿ. ಎರಡು ಕಂಪನಿಗಳ ಬಿಡಿ ಟಿಕೆಟ್ ಬೇಡವೇ ಬೇಡ: ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ.

ವಿರಾಜಪೇಟೆಯಿಂದ ಕಣ್ಣೂರು ಏರ್‌ಪೋರ್ಟಿಗೆ ಹೊರಡುವವರು ಮಾಕುಟ್ಟ ಘಾಟಿ ಇಳಿಯುವ ಮೊದಲೇ ವಿಮಾನದ ಸ್ಟೇಟಸ್ ನೋಡಿಕೊಳ್ಳಿ. ಕಾಡಿನ ನಡುವೆ ಸಿಗ್ನಲ್ ನಂಬುವಂತಿಲ್ಲ.

ಯುಎಇಯ ಸಾಮಾನ್ಯ ರೆಸಿಡೆನ್ಸ್ ವೀಸಾ ಇದ್ದವರು 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ತೊಂದರೆ. ಅಲ್ಲಿಂದ ಹೊರಟ ದಿನದಿಂದಲೇ ಲೆಕ್ಕ ಹಾಕಿ, ವಿಮಾನ ರದ್ದಾಗಿ ತಡವಾಗುತ್ತಿದೆ ಎಂದು ಕೆಲಸದ ಕಂಪನಿಗೆ ಇಮೇಲ್ ಬರೆದಿಡಿ. ಬರೀ ಫೋನ್ ಮಾತು ಸಾಲದು.